ವಿಷದ ಕಾವಲಿಗೆ ಹಣ ಕೊಡುವವರು ಯಾರು?

ಅಪಾಯಕರವಾದ ರಸಾಯನಗಳ ಮೇಲೆ ಇನ್ನೂ ಬಿಗಿಯಾದ ಕಟ್ಟಳೆ ಬೇಕಾದರೆ ನೀವೆಷ್ಟು ಹಣ ಕೊಡುವಿರೆಂದು ಅರ್ಥಶಾಸ್ತ್ರಜ್ಞರು ಜನರನ್ನು ಕೇಳುವದುಂಟು. ಕೇಳುವದು ತಪ್ಪಲ್ಲ, ಯಾಕಂದರೆ ಪರೀಕ್ಷೆಗೂ ಕಾವಲಿಗೂ ವೆಚ್ಚವಾಗುತ್ತದೆ. ಆದರೆ ಪ್ರಿಯ ವಾಚಕರೇ, ಬಡವನೊಬ್ಬನು ಎರಡು ರೂಪಾಯಿ ಕೊಡುವೆನೆಂದರೆ ಅವನ ಮಗುವಿನ ಆರೋಗ್ಯಕ್ಕೆ ಅಷ್ಟೇ ಬೆಲೆಯೋ? ಅದು ಅವನ ಚೀಲದ ಅಳತೆಯಲ್ಲದೆ ಮತ್ತೇನು?

ಕಾಸರಗೋಡಿನ ಗುಡ್ಡಗಳನ್ನೂ ಬೆಳ್ತಂಗಡಿ ಸೀಮೆಯ ಕೊಕ್ಕಡವನ್ನೂ ನೆನಸೋಣ. ಅಲ್ಲಿ ಗೇರುತೋಪುಗಳ ಮೇಲೆ ವರ್ಷವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸುರಿಸಿದರು. ಗೇರುಬೀಜದ ಲಾಭವು ತೋಪಿನ ಒಡೆಯರಿಗೆ. ತೆರೆದ ಬಾವಿಯ ನೀರು ಕೆಳಗಿನ ಮನೆಗಳಿಗೆ. ಎಷ್ಟು ಕೊಡುವಿರೆಂದು ಆ ಮನೆಗಳವರನ್ನು ಕೇಳಿದವರಿರಲಿಲ್ಲ. ಕೇಳದೆಯೇ ಅವರಿಂದ ತೆಗೆದುಕೊಳ್ಳಲಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲಾ ತಡೆಯಿತು. 2017ರಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಬೊಕ್ಕಸದ ಹಣವಾದರೋ ಪ್ರಜೆಗಳದ್ದೇ. ಕಾವಲಿಗೆ ಕೊಡದೆ ಉಳಿಸಿದ್ದು ಹೀಗೆ ಹೊರಟುಹೋಯಿತು, ಅದೂ ತಡವಾಗಿ.

ಯುರೋಪು ಒಕ್ಕೂಟದಲ್ಲಿ 2007ರಿಂದ ಬೇರೊಂದು ಕ್ರಮವುಂಟು. ರಸಾಯನವನ್ನು ಮಾಡುವವನೇ ಅದರ ಗುಣದೋಷಗಳ ವಿವರವನ್ನು ತನ್ನ ವೆಚ್ಚದಿಂದ ಒದಗಿಸಬೇಕು, ಒದಗಿಸದಿದ್ದರೆ ಪೇಟೆಯಿಲ್ಲ. ಆ ವೆಚ್ಚದಲ್ಲಿ ಒಂದು ಪಾಲು ಬೆಲೆಯಲ್ಲಿ ಸೇರಿ ಕೊಳ್ಳುವವರಿಗೂ ಮುಟ್ಟೀತು, ನಿಜ. ಆದರೂ ಕೊಳ್ಳುವವನು ಬೇಡವೆನ್ನಬಹುದು. ಬಾವಿಯ ನೀರನ್ನು ಕುಡಿಯುವವನು ಹಾಗೆನ್ನಲಾರನು. ಆದದರಿಂದ ನಾವು ಈ ಕ್ರಮವನ್ನೇ ನ್ಯಾಯಕ್ಕೆ ಸಮೀಪವೆಂದೆಣಿಸುತ್ತೇವೆ.