ಅಲ್ಲವೆಂಬುದರಿಂದ ಹುಟ್ಟುವ ಅರ್ಥ: ಸೊಸ್ಯೂರ್, ದಿಙ್ನಾಗ ಮತ್ತು ಮುಂಡಗೋಡದ ವಾದದಂಗಳ

ಭಾಷೆಯಲ್ಲಿ ಇರುವುದು ಬರಿಯ ವ್ಯತ್ಯಾಸಗಳೇ ಆದರೆ ಮಾತು ಕೊನೆಗೆ ಮುಟ್ಟುವುದು ಏನನ್ನು ಎಂಬ ಪ್ರಶ್ನೆಯನ್ನು 20ನೆಯ ಶತಮಾನದ ಮಾನವಿಕ ಶಾಸ್ತ್ರಗಳಿಗೆ ಬಿಟ್ಟುಹೋದವನು ಜಿನೀವಾದ ಭಾಷಾವಿಜ್ಞಾನಿ ಫರ್ಡಿನಾಂಡ್ ದ ಸೊಸ್ಯೂರ್ (1857–1913). ಇದೇ ಪ್ರಶ್ನೆಯನ್ನು ಸುಮಾರು 6ನೆಯ ಶತಮಾನದಿಂದ ಭಾರತದ ಬೌದ್ಧ ತಾರ್ಕಿಕರು 'ಅಪೋಹ' ಎಂಬ ಹೆಸರಿನಲ್ಲಿ ಎತ್ತಿ ಮೀಮಾಂಸಕರೊಡನೆಯೂ ನೈಯಾಯಿಕರೊಡನೆಯೂ ಶತಮಾನಗಳ ಕಾಲ ವಾದಿಸಿದರು. ಆ ವಾದ ಇಂದಿಗೂ ಬಾಯಿಮಾತಾಗಿ ಉಳಿದಿರುವ ಕೆಲವೇ ಜಾಗಗಳಲ್ಲಿ ಟಿಬೆಟನ್ ವಿಹಾರಗಳಿರುವ ಉತ್ತರ ಕನ್ನಡದ ಮುಂಡಗೋಡ ತಾಲ್ಲೂಕೂ ಒಂದು. ಸೊಸ್ಯೂರನ ಚಿಂತನೆಯನ್ನೂ ಅಪೋಹವಾದವನ್ನೂ ಎದುರುಬದುರು ಇಟ್ಟು ನೋಡುವುದರ ಉದ್ದೇಶ ಯಾರು ಮೊದಲು ಹೇಳಿದರೆಂದು ತೀರ್ಮಾನಿಸುವುದಲ್ಲ. ಸೊಸ್ಯೂರನ ವಾರಸುದಾರರು ಎಲ್ಲಿ ಕೈಬಿಟ್ಟರೋ ಅಲ್ಲಿಂದ ಮುಂದಕ್ಕೆ ಆ ಪ್ರಶ್ನೆಯನ್ನು ಕೊಂಡೊಯ್ಯುವ ದಾರಿ ಇದೆಯೇ ಎಂದು ಪರಿಶೀಲಿಸುವುದು.

ಸೊಸ್ಯೂರನ ಪ್ರಕಾರ ಪದವೆಂಬುದು ವಸ್ತುವಿಗೆ ಅಂಟಿಸಿದ ಹೆಸರಲ್ಲ, ಕಿವಿಗೆ ಬೀಳುವ ರೂಪವಾದ 'ಸೂಚಕ' ಮತ್ತು ಮನಸ್ಸಿನಲ್ಲಿ ಮೂಡುವ ಕಲ್ಪನೆಯಾದ 'ಸೂಚಿತ' ಇವೆರಡರ ಜೋಡಣೆ. 'ಹುಲಿ' ಮತ್ತು 'ಹುಳಿ' ಎಂಬ ಎರಡು ಮಾತುಗಳನ್ನು ಬೇರ್ಪಡಿಸುವುದು ಲಕಾರ ಮತ್ತು ಳಕಾರಗಳ ಅಂತರ ಮಾತ್ರವಾಗಿದ್ದು, ಆ ಅಂತರವನ್ನು ಗಣಿಸದ ಭಾಷೆಯೊಂದರಲ್ಲಿ ಇವೆರಡೂ ಒಂದೇ ಧ್ವನಿಯಾಗಿ ಕೇಳಿಸುತ್ತವೆ. ಅರ್ಥದ ಸಂಗತಿಯೂ ಹೀಗೆಯೇ. ಹಳಿಯಾಳದ ಕಡೆ ಕನ್ನಡದ ಜೊತೆಗೇ ಬಳಕೆಯಲ್ಲಿರುವ ಮರಾಠಿಯಲ್ಲಿ, ಕೇಳುವವರನ್ನು ಹೊರಗಿಟ್ಟು ಹೇಳುವಾಗ 'ಆಮ್ಹಿ', ಅವರನ್ನೂ ಸೇರಿಸಿಕೊಂಡು ಹೇಳುವಾಗ 'ಆಪಣ' ಎಂಬ ಎರಡು ಮಾತುಗಳಿವೆ. ಕನ್ನಡದ 'ನಾವು' ಎರಡೂ ಕಡೆ ಸಲ್ಲುತ್ತದೆ. ಸಂತೆಗೆ ಹೊರಟವರು 'ನಾವು' ಎಂದಾಗ ಆ ಮಾತಿಗೆ ಒಳಪಡುವ ಜನ ಎರಡು ಭಾಷೆಗಳಲ್ಲಿಯೂ ಅವರೇ ಇರಬಹುದಾದರೂ, 'ನಾವು' ಎಂಬುದರ ಪಕ್ಕದಲ್ಲಿ ಅದರ ಎಲ್ಲೆಯನ್ನು ಕಡಿತಗೊಳಿಸುವ ಇನ್ನೊಂದು ಪದವಿಲ್ಲದ್ದರಿಂದ ಅದರ ಬೆಲೆ 'ಆಮ್ಹಿ' ಎಂಬುದರ ಬೆಲೆಯಲ್ಲ. ನೆರೆಹೊರೆಯ ಪದಗಳಿಂದ ನಿರ್ಧಾರವಾಗುವ ಈ ಗುಣವನ್ನೇ ಸೊಸ್ಯೂರ್ 'ಮೌಲ್ಯ' ಎಂದು ಕರೆದ.

ಈ ಒಳನೋಟ ಭಾಷಾವಿಜ್ಞಾನದ ಗಡಿಯನ್ನು ದಾಟಿದ್ದು 1940ರ ದಶಕದ ನ್ಯೂಯಾರ್ಕಿನಲ್ಲಿ, ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ ಮತ್ತು ಮಾನವಶಾಸ್ತ್ರಜ್ಞ ಕ್ಲೋದ್ ಲೆವಿ-ಸ್ತ್ರಾಸ್ ಒಬ್ಬರಿಗೊಬ್ಬರು ಎದುರಾದಾಗ. ಧ್ವನಿಗಳು ಜೋಡಿವಿರೋಧಗಳಲ್ಲಿ ನಿಲ್ಲುವಂತೆ ಪುರಾಣಗಳೂ ಬಂಧುತ್ವದ ಕಟ್ಟಳೆಗಳೂ ವಿರೋಧಗಳ ಮೇಲೆಯೇ ನಿಂತಿವೆ ಎಂಬುದು ರಚನಾವಾದದ ನಿಲುವಾಯಿತು. 1966ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಮಾತನಾಡಿದ ಜಾಕ್ ದೆರಿದಾ, ರಚನೆಗೆ ಸ್ಥಿರ ಕೇಂದ್ರವೇ ಇಲ್ಲವಾದರೆ ಅರ್ಥ ಒಂದು ಸೂಚಕದಿಂದ ಇನ್ನೊಂದಕ್ಕೆ ಜಾರುತ್ತಲೇ ಇರುತ್ತದೆ ಎಂಬ ಇನ್ನೊಂದು ತುದಿಯನ್ನು ತೋರಿಸಿದ. ಕರ್ನಾಟಕದಲ್ಲಿ ಈ ಪರಂಪರೆಯನ್ನು ಬಳಸಿದವರು ಅದನ್ನು ತಿದ್ದಿಯೇ ಬಳಸಿದರು. ಡಿ.ಎನ್. ಶಂಕರ ಭಟ್ಟರು ಪ್ರತಿಯೊಂದು ಭಾಷೆಯ ವರ್ಗಗಳನ್ನು ಅದರ ಒಳಗಿನ ವ್ಯತ್ಯಾಸಗಳಿಂದಲೇ ಕಂಡುಕೊಳ್ಳಬೇಕೆಂಬ ನಿಯಮವನ್ನು ಹಿಡಿದು ಸಂಸ್ಕೃತದ ಅಚ್ಚಿನಲ್ಲಿ ಎರಕಹೊಯ್ದ ಕನ್ನಡ ವ್ಯಾಕರಣವನ್ನು ಪ್ರಶ್ನಿಸಿದರು. ಭಾಷಾವಿಜ್ಞಾನದಲ್ಲಿಯೇ ಡಾಕ್ಟರೇಟ್ ಪಡೆದಿದ್ದ ಎ.ಕೆ. ರಾಮಾನುಜನ್ ಅವರು ಮಗನನ್ನು ಮದುವೆಯಾದ ತಾಯಿಯ ಕನ್ನಡ ಜನಪದ ಕಥೆಯನ್ನು ಈಡಿಪಸ್ ಕಥೆಯ ಪಕ್ಕಕ್ಕಿಟ್ಟು, ವಿನ್ಯಾಸ ಅದೇ ಆಗಿದ್ದರೂ ಕಥೆ ತಾಯಿಯ ಕಡೆಯಿಂದ ಬಂದಾಗ ಅರ್ಥ ಬೇರೆಯಾಗುತ್ತದೆಂದು ತೋರಿಸಿದರು. ಆದರೂ ವ್ಯತ್ಯಾಸಗಳ ಜಾಲದಿಂದ ಆಚೆಗಿನ ವಸ್ತುವಿಗೆ ಹೋಗುವ ದಾರಿ ಯಾವುದೆಂಬ ಮೂಲಪ್ರಶ್ನೆ ಉತ್ತರವಿಲ್ಲದೆ ಉಳಿಯಿತು.

ಸಂಪ್ರದಾಯದ ಪ್ರಕಾರ ಕಂಚಿಯ ಬಳಿ ಹುಟ್ಟಿದ ಬೌದ್ಧ ತಾರ್ಕಿಕ ದಿಙ್ನಾಗ ತನ್ನ 'ಪ್ರಮಾಣಸಮುಚ್ಚಯ'ದ ಐದನೆಯ ಅಧ್ಯಾಯದಲ್ಲಿ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದ. 'ಗೋವು' ಎಂಬ ಪದ ಎಲ್ಲ ಹಸುಗಳಲ್ಲಿಯೂ ನೆಲೆಸಿರುವ ಗೋತ್ವವೆಂಬ ನಿತ್ಯವಸ್ತುವನ್ನು ತಿಳಿಸುತ್ತದೆಂದು ಅವನ ವಿರೋಧಿಗಳು ಹೇಳಿದರೆ, ಅಂಥದ್ದೊಂದು ಎಲ್ಲಿಯೂ ಇಲ್ಲ, ಆ ಪದ ಗೋವಲ್ಲದ್ದನ್ನು ತಳ್ಳಿಹಾಕುವುದಷ್ಟನ್ನೇ ಮಾಡುತ್ತದೆ ಎಂಬುದು ಅವನ ನಿಲುವು. ಹೀಗೆ ತಳ್ಳಿಹಾಕುವ ಕ್ರಿಯೆಗೆ ಅಪೋಹವೆಂದು ಹೆಸರು. ಮೀಮಾಂಸಕ ಕುಮಾರಿಲ ಭಟ್ಟ ಎತ್ತಿದ ಆಕ್ಷೇಪಣೆ ಇಂದಿಗೂ ಹರಿತವಾಗಿದೆ: ಗೋವನ್ನು ತಿಳಿಯದೆ ಗೋವಲ್ಲದ್ದನ್ನು ಗುರುತಿಸುವಂತಿಲ್ಲ, ಗೋವಲ್ಲದ್ದನ್ನು ತಳ್ಳದೆ ಗೋವನ್ನು ತಿಳಿಯುವಂತಿಲ್ಲ ಎಂದಾದರೆ ಕೇಳುವವನು ಸುತ್ತಿದಲ್ಲೇ ಸುತ್ತಬೇಕಾಗುತ್ತದೆ. ಪದಕೋಶದಲ್ಲಿ ಒಂದು ಪದದಿಂದ ಇನ್ನೊಂದಕ್ಕೆ ಅಲೆಯುವ ದೆರಿದಾನ ಸೂಚಕಗಳ ಪಾಡೂ ಬಹುಮಟ್ಟಿಗೆ ಇದೇ.

ಈ ಸುತ್ತಿನಿಂದ ಹೊರಬರುವ ದಾರಿಯನ್ನು ತೋರಿಸಿದವನು 7ನೆಯ ಶತಮಾನದ ಧರ್ಮಕೀರ್ತಿ. ಅವನು ಕೊಡುವ ನಿದರ್ಶನ ಗುಡೂಚಿಯದು. ಗುಡೂಚಿಯೆಂದರೆ ಕನ್ನಡ ನಾಡಿನ ಬೇಲಿಗಳ ಮೇಲೆ ಹಬ್ಬುವ ಅಮೃತಬಳ್ಳಿ. ಅದೂ ಇನ್ನಿತರ ಮೂಲಿಕೆಗಳೂ ಬೇರು, ಕಾಂಡ, ಎಲೆ ಯಾವುದರಲ್ಲಿಯೂ ಒಂದನ್ನೊಂದು ಹೋಲದೆ ಇದ್ದರೂ ಒಂಟಿಯಾಗಿಯೋ ಕೂಡಿಯೋ ಜ್ವರವನ್ನು ಇಳಿಸುತ್ತವೆ. ಅವೆಲ್ಲವುಗಳ ಒಳಗೆ 'ಜ್ವರಹರತ್ವ' ಎಂಬ ಒಂದೇ ಸಾರ ಕುಳಿತಿದೆಯೆಂದು ಯಾರೂ ಹೇಳುವುದಿಲ್ಲ, ಜ್ವರ ಇಳಿಸದ ಗಿಡಗಳಿಂದ ಅವು ಬೇರೆಯಾಗಿವೆ ಎಂಬಷ್ಟೇ ಅವುಗಳ ಏಕತೆ. ಹಸುಗಳೂ ಹೀಗೆಯೇ: ಒಂದೊಂದೂ ತನ್ನಷ್ಟಕ್ಕೆ ತಾನು ಬೇರೆಯಾದರೂ ಅವೆಲ್ಲ ನೋಡಿದವರಲ್ಲಿ ಒಂದೇ ಬಗೆಯ ತಿಳಿವಳಿಕೆಯನ್ನು ಹುಟ್ಟಿಸುತ್ತವೆ, ಉಳಿದವು ಹುಟ್ಟಿಸುವುದಿಲ್ಲ. ವಸ್ತು ತನ್ನ ಕೆಲಸವನ್ನು ಮಾಡಿ ತೋರಿಸುವ ಈ ಶಕ್ತಿಗೆ ಧರ್ಮಕೀರ್ತಿಯ ಮಾತು 'ಅರ್ಥಕ್ರಿಯೆ'. ಪದಗಳ ಗೆರೆಗಳನ್ನು ಎಳೆಯುವವರು ಮನುಷ್ಯರೇ ಆದರೂ ಎಳೆದ ಗೆರೆ ಸರಿಯೋ ತಪ್ಪೋ ಎಂಬುದನ್ನು ಜ್ವರ ಇಳಿಯಿತೇ ಇಲ್ಲವೇ ಎಂಬುದು ತೋರಿಸಿಕೊಡುತ್ತದೆ. ಹೀಗಾಗಿ ಸಾರವನ್ನು ನಿರಾಕರಿಸಿದ ಮಾತ್ರಕ್ಕೆ ವಾಸ್ತವವನ್ನು ಕೈಬಿಡಬೇಕಾಗಿಲ್ಲ.

ಈ ಸಿದ್ಧಾಂತ ಉತ್ತರಕ್ಕೆ ಹೋಗಿ, ಹಿಮಾಲಯವನ್ನು ದಾಟಿ, ಮತ್ತೆ ದಕ್ಷಿಣಕ್ಕೆ ಮರಳಿದ್ದು ನಿರಾಶ್ರಿತರ ಜೊತೆಯಲ್ಲಿ. 1966ರಲ್ಲಿ ಮುಂಡಗೋಡದ ಬಳಿ ಟಿಬೆಟನ್ನರ ನೆಲೆ ಆರಂಭವಾದ ಕೆಲವು ವರ್ಷಗಳಲ್ಲಿಯೇ ಲಾಸಾದ ಗಾದೆನ್ ಮತ್ತು ಡ್ರೆಪುಂಗ್ ಮಹಾವಿಹಾರಗಳು ಅಲ್ಲಿಯ ಲಾಮಾ ಕ್ಯಾಂಪುಗಳಲ್ಲಿ ಮರುಹುಟ್ಟು ಪಡೆದವು. ಅಲ್ಲಿಯ ತರ್ಕಶಿಕ್ಷಣದ ಮೊದಲ ಮೆಟ್ಟಿಲು ಬಣ್ಣಗಳ ಪಾಠ. ಉತ್ತರಿಸುವವನು ನೆಲದ ಮೇಲೆ ಕುಳಿತಿರುತ್ತಾನೆ. ಪ್ರಶ್ನಿಸುವವನು ನಿಂತು, ಪ್ರಜ್ಞೆಯ ಬೋಧಿಸತ್ತ್ವನಾದ ಮಂಜುಶ್ರೀಯ ಬೀಜಾಕ್ಷರವಾದ 'ಧೀಃ' ಎಂದು ಉಚ್ಚರಿಸಿ ವಾದಕ್ಕೆ ತೊಡಗುತ್ತಾನೆ. ಬಣ್ಣವಾದದ್ದೆಲ್ಲ ಕೆಂಪೇ ಎಂದು ಎದುರಾಳಿ ಒಪ್ಪಿದರೆ, ಬಿಳಿಯ ಶಂಖದ ಬಣ್ಣವೂ ಬಣ್ಣವಾದ್ದರಿಂದ ಅದೂ ಕೆಂಪೇ ಆಗಬೇಕಾಯಿತು ಎಂದು ಹೇಳಿ, ಬಲಗೈಯನ್ನು ಎಡಗೈಯ ಮೇಲೆ ಅಪ್ಪಳಿಸಿ, ಕಾಲನ್ನು ನೆಲಕ್ಕೆ ಕುಟ್ಟುತ್ತಾನೆ. ಕುಳಿತವನಿಗೆ ಒಪ್ಪಿದೆ, ಏಕೆ, ಹೇತು ಸಿದ್ಧವಾಗಲಿಲ್ಲ, ವ್ಯಾಪ್ತಿಯಿಲ್ಲ (ಎಂದರೆ ಆ ಹೇತುವಿನಿಂದ ಆ ತೀರ್ಮಾನ ಹೊರಡುವುದಿಲ್ಲ) ಎಂಬಂಥ ಕೆಲವೇ ಉತ್ತರಗಳು ಸಲ್ಲುತ್ತವೆ. ತಾನೇ ಹಿಂದೆ ಒಪ್ಪಿದ ಮಾತಿಗೆ ವಿರುದ್ಧವಾಗಿ ನುಡಿದರೆ 'ತ್ಸಾ' ಎಂಬ ಕೂಗು ಅಂಗಳದಲ್ಲಿ ಕೇಳಿಸುತ್ತದೆ. ಮುಂದಿನ ಪಾಠಗಳಲ್ಲಿ ಬರುವ 'ದೋಗ್‌ಪ' ಎಂಬ ಪರಿಭಾಷೆಯ ಅರ್ಥ ವ್ಯಾವೃತ್ತಿ, ಎಂದರೆ ಒಂದು ವಸ್ತು ತಾನಲ್ಲದ್ದರಿಂದ ಹಿಂದೆಗೆದು ನಿಲ್ಲುವ ಬಗೆ. ಅಪೋಹದ ತಿರುಳೇ ಇಲ್ಲಿ ಎಳೆಯ ಭಿಕ್ಷುಗಳ ದಿನದ ಅಭ್ಯಾಸವಾಗಿದೆ. ವ್ಯತ್ಯಾಸ ಇಲ್ಲಿ ಪುಟದ ಮೇಲಿನ ಆಟವಲ್ಲ, ಎದುರಿಗೆ ನಿಂತವನಿಗೆ ಹೇಳಲೇಬೇಕಾದ ಉತ್ತರ.

ಎರಡೂ ಪರಂಪರೆಗಳ ಮೂಲಗ್ರಂಥಗಳು ಮತ್ತೊಬ್ಬರ ಕೈಯಿಂದಲೇ ಬಂದವು. 1916ರಲ್ಲಿ ಪ್ರಕಟವಾದ ಸೊಸ್ಯೂರನ ಉಪನ್ಯಾಸಗ್ರಂಥವನ್ನು ಆ ಉಪನ್ಯಾಸಗಳನ್ನು ಸ್ವತಃ ಕೇಳಿರದ ಶಾರ್ಲ್ ಬಾಯಿ ಮತ್ತು ಆಲ್ಬೆರ್ ಸೆಶೆಯೆ ವಿದ್ಯಾರ್ಥಿಗಳ ಟಿಪ್ಪಣಿಗಳಿಂದ ಜೋಡಿಸಿದರು. ಭಾಷೆಯನ್ನು ಅದರಷ್ಟಕ್ಕೇ ಬಿಟ್ಟು ನೋಡಬೇಕೆಂಬ ಅದರ ಪ್ರಖ್ಯಾತ ಕೊನೆಯ ವಾಕ್ಯ ಆ ಟಿಪ್ಪಣಿಗಳಲ್ಲಿಯೇ ಇಲ್ಲ. 1996ರಲ್ಲಿ ಅವನ ಮನೆತನದ ಜಿನೀವಾದ ಮನೆಯಲ್ಲಿ ಸಿಕ್ಕ ಹಸ್ತಪ್ರತಿಗಳು 2002ರಲ್ಲಿ ಅಚ್ಚಾದ ಮೇಲೆ ಮರುವ್ಯಾಖ್ಯಾನ ಹೊಸದಾಗಿ ಮೊದಲಾಯಿತು. ದಿಙ್ನಾಗನ ಗ್ರಂಥವಾದರೋ ಸಂಸ್ಕೃತದಲ್ಲಿ ಕಳೆದುಹೋಗಿ ಟಿಬೆಟನ್ ಅನುವಾದದಲ್ಲಿ ಉಳಿದುಕೊಂಡಿತ್ತು. ಅದರ ಮೊದಲ ಅಧ್ಯಾಯವನ್ನು ಟಿಬೆಟನ್ನಿನಿಂದ ಮತ್ತೆ ಸಂಸ್ಕೃತಕ್ಕೆ ತಂದು 1930ರಲ್ಲಿ ಮೈಸೂರಿನಿಂದ ಪ್ರಕಟಿಸಿದವರು ಎಚ್.ಆರ್. ರಂಗಸ್ವಾಮಿ ಅಯ್ಯಂಗಾರ್ಯರು.

ಈ ಚರ್ಚೆ ಧಾರ್ಮಿಕವಾಗುವುದು ಒಂದು ಪದದ ಬಳಿ. ಗೋತ್ವದಂಥ ಸಾಮಾನ್ಯಕ್ಕೆ ಭಾರತೀಯ ತರ್ಕಶಾಸ್ತ್ರದಲ್ಲಿ ಇರುವ ಹೆಸರು 'ಜಾತಿ'. ಕುಮಾರಿಲ ಬ್ರಾಹ್ಮಣತ್ವವನ್ನೂ ಅಂಥದ್ದೇ ನಿಜವಾದ ಜಾತಿಯೆಂದು ಸಮರ್ಥಿಸಿದರೆ, ಧರ್ಮಕೀರ್ತಿ ಜಾತಿಯ ಹೆಮ್ಮೆಯನ್ನು ಬುದ್ಧಿಮಾಂದ್ಯದ ಲಕ್ಷಣಗಳ ಪಟ್ಟಿಯಲ್ಲಿ ಸೇರಿಸಿದ. ಹಸುಗಳಲ್ಲಿ ಗೋತ್ವ ಇಲ್ಲವೆಂದವನು ಮನುಷ್ಯರಲ್ಲಿ ಜಾತಿ ಇಲ್ಲವೆನ್ನುವುದು ಆ ತರ್ಕದ ಮುಂದಿನ ಹೆಜ್ಜೆ. ಆದರೆ ಇಲ್ಲದ ಸಾರವನ್ನು ಇದೆಯೆಂದು ನಂಬಿದ ಪದಗಳೂ ಲೋಕದಲ್ಲಿ ಕೆಲಸ ಮಾಡುತ್ತವೆ, ಜನರನ್ನು ಹೊರಗಿಡುತ್ತವೆ. ಅಪೋಹವೆಂಬ ತಳ್ಳಿಹಾಕುವಿಕೆ ಮಾತಿನಿಂದ ಮನೆಬಾಗಿಲಿಗೆ ಇಳಿಯುವುದು ಹೀಗೆ. ಆ ಗೆರೆಗಳನ್ನು ಬೇರೆಡೆಗೆ ಎಳೆಯಬಹುದೆಂಬುದಕ್ಕೆ ಮುಂಡಗೋಡದಲ್ಲಿಯೇ ಸಾಕ್ಷಿಯಿದೆ. ದೀರ್ಘ ಅಧ್ಯಯನದ ಕೊನೆಯಲ್ಲಿ ದೊರೆಯುವ 'ಗೆಶೆ' ಪದವಿ ಶತಮಾನಗಳ ಕಾಲ ಭಿಕ್ಷುಗಳಿಗೆ ಮಾತ್ರ ಸಲ್ಲುವ ಪದವಾಗಿತ್ತು. 2016ರ ಡಿಸೆಂಬರಿನಲ್ಲಿ ಅಲ್ಲಿಯೇ 20 ಮಂದಿ ಭಿಕ್ಷುಣಿಯರು 'ಗೆಶೆಮಾ' ಪದವಿಯನ್ನು ಸ್ವೀಕರಿಸಿದಾಗ, ಪಕ್ಕದಲ್ಲಿ ಹೊಸ ಪದವೊಂದು ಬಂದು ನಿಂತದ್ದರಿಂದ ಹಳೆಯ ಪದದ ಮೌಲ್ಯವೂ ಬದಲಾಯಿತು.