ಕಣ್ಕಟ್ಟು ಮತ್ತು ಸತ್ಯ

ಯಕ್ಷಿಣಿವಿದ್ಯೆಯಲ್ಲಿ ಅತ್ಯಂತ ಸರಳವಾದುದು ನಾಣ್ಯವನ್ನು ಮಾಯಮಾಡುವ ಆಟ. ಎಡಗೈಯ ಬೆರಳ ತುದಿಗಳಲ್ಲಿ ನಾಣ್ಯವೊಂದನ್ನು ಹಿಡಿದಿರುತ್ತಾರೆ. ಅದನ್ನು ತೆಗೆದುಕೊಳ್ಳುವಂತೆ ಬಲಗೈ ಬಂದು ಮರೆಮಾಡಿದ ಕ್ಷಣದಲ್ಲಿ ನಾಣ್ಯ ಎಡ ಅಂಗೈಯೊಳಕ್ಕೆ ಜಾರಿ ಬೀಳುತ್ತದೆ. ಬರಿದಾದ ಬಲಮುಷ್ಟಿ ಮೇಲೇರುತ್ತದೆ; ಎಡಗೈ ಸಹಜವಾಗಿ ಕೆಳಗಿಳಿಯುತ್ತದೆ. ಬೆರಳುಗಳ ಕೆಲಸ ಇಷ್ಟೆ, ಉಳಿದುದೆಲ್ಲ ಕಣ್ಣಿನದು. ಆಡುವವನು ತನ್ನ ಬಲಮುಷ್ಟಿಯನ್ನೇ ನೆಟ್ಟ ನೋಟದಿಂದ ನೋಡಬೇಕು. ಅವನ ದೃಷ್ಟಿ ಹೋದೆಡೆಗೆ ಸಭಿಕರ ದೃಷ್ಟಿಯೂ ಹೋಗುತ್ತದೆ. ಎಡಗೈಯತ್ತ ಒಮ್ಮೆ ಕಳ್ಳನೋಟ ಬೀರಿದನೋ, ಆಟ ಕೆಟ್ಟಿತು.

ನಾಣ್ಯ ಎಲ್ಲಿಗೂ ಹೋಗಿಲ್ಲ. ಇದ್ದ ಕೈಯಲ್ಲಿಯೇ ಇದೆ. ಹೋದದ್ದು ನಮ್ಮ ಗಮನ ಮಾತ್ರ. ಶ್ರೀ ಶಂಕರ ಭಗವತ್ಪಾದರು ಬ್ರಹ್ಮಸೂತ್ರಭಾಷ್ಯದಲ್ಲಿ ಮಾಯಾವಿಯನ್ನು ದೃಷ್ಟಾಂತವಾಗಿ ತರುತ್ತಾರೆ. ಕತ್ತಿ ಗುರಾಣಿಗಳನ್ನು ಹಿಡಿದು ನೂಲಿನ ಮೇಲೆ ಆಕಾಶಕ್ಕೇರುವಂತೆ ಕಾಣುವವನು ಬೇರೆ, ನೆಲದ ಮೇಲೆಯೇ ನಿಂತಿರುವ ನಿಜವಾದ ಮಾಯಾವಿ ಬೇರೆ ಎಂಬುದು ಒಂದು ಕಡೆಯ ಮಾತು. ತಾನು ಹರಡಿದ ಮಾಯೆ ಮಾಯಾವಿಯನ್ನು ಮೂರು ಕಾಲಗಳಲ್ಲಿಯೂ ಮುಟ್ಟದು ಎಂಬುದು ಮತ್ತೊಂದು ಕಡೆಯದು.

ಪರಮಾತ್ಮನಿಗೆ ಒಪ್ಪುವ ಈ ಮಾತು ಮನುಷ್ಯನಿಗೂ ಒಪ್ಪೀತೆ? ತಾನು ಭ್ರಮಿಸದೆ ಇತರರನ್ನು ಭ್ರಮೆಗೊಳಿಸುವವನಿಗೆ ದೋಷ ತಟ್ಟುವುದಿಲ್ಲವೆ? ಆಟವೆಂದು ಸಾರಿ ಆಡುವವನಿಗೆ ತಟ್ಟುವುದಿಲ್ಲವೆಂದೇ ನನ್ನ ಅಭಿಪ್ರಾಯ. ಮೋಸಹೋಗಲು ನಾವೇ ಸಮ್ಮತಿಸಿ, ಚೀಟಿ ಕೊಂಡು ಕುಳಿತಿರುತ್ತೇವೆ. ಆ ಸಮ್ಮತಿಯನ್ನು ಕೇಳದೆ ಹೋದಾಗ ಅದೇ ಕೈಚಳಕ ಅಸತ್ಯವಾಗುತ್ತದೆ.

1856ರಲ್ಲಿ ಫ್ರೆಂಚ್ ಸರಕಾರವು ರಾಬರ್ಟ್ ಹೂಡಿನ್ ಎಂಬ ಪ್ರಸಿದ್ಧ ಜಾದುಗಾರನನ್ನು ಆಲ್ಜೀರಿಯಾಕ್ಕೆ ಕಳುಹಿಸಿತು. ಅಲ್ಲಿಯ ಜನರ ಮೇಲೆ ಮುಸ್ಲಿಂ ಧರ್ಮಗುರುಗಳಿಗಿದ್ದ ಪ್ರಭಾವವನ್ನು ಕುಗ್ಗಿಸುವುದು ಅದರ ಉದ್ದೇಶ. ಬಲಿಷ್ಠನೊಬ್ಬ ಪುಟ್ಟ ಪೆಟ್ಟಿಗೆಯನ್ನು ಎತ್ತಲಾರದೆ ನಾಚಿದ. ಅದನ್ನು ಹಿಡಿದಿದ್ದುದು ಅಡಗಿಸಿಟ್ಟ ವಿದ್ಯುತ್ಕಾಂತ. ಚಾತುರ್ಯ ಮೆಚ್ಚತಕ್ಕದ್ದೇ, ಆದರೆ ಸೋತ ಜನರೆದುರು ಆಳುವವರು ಆಡಿಸಿದ ಆಟವನ್ನು ಬರಿಯ ವಿನೋದವೆನ್ನಲು ಮನಸ್ಸು ಒಡಂಬಡದು.

ನಮ್ಮ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದಾಗ ವಿವಾದವೆದ್ದಿತು. ಆಸ್ತಿಕರಾದ ವಾಚಕರು ಇದಕ್ಕೆ ಮುನಿಯಬೇಕಾದ ಕಾರಣ ನನಗೆ ತೋರದು. ದೇವರ ಹೆಸರಿನಲ್ಲಿ ಯಾರಾದರೂ ಬಲಮುಷ್ಟಿಯನ್ನು ಎತ್ತಿ ಹಿಡಿದರೆ, ಎಡಗೈಯನ್ನೂ ತೋರಿಸೆಂದು ಮೊದಲು ಕೇಳಬೇಕಾದವನು ಭಕ್ತನೇ ಅಲ್ಲವೆ?