ಹಾರದವನು ಹಾರಲು ಕಲಿಸಬಹುದೇ?

ದಡದಲ್ಲಿ ನಿಂತು ಈಜು ಕಲಿಸುವವನನ್ನು ಕಂಡರೆ ಜನ ನಗುತ್ತಾರೆ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಯೂ ನಮ್ಮಲ್ಲಿ ಉಂಟು. ತಾನು ಮಾಡದೆ ಇತರರಿಗೆ ಹೇಳುವವನ ವಿಷಯದಲ್ಲಿ ಲೋಕಕ್ಕೆ ಮೊದಲಿನಿಂದಲೂ ಒಂದು ಬಗೆಯ ಅಸಡ್ಡೆ. ಈ ಅಸಡ್ಡೆ ಎಷ್ಟರಮಟ್ಟಿಗೆ ನ್ಯಾಯವಾದದ್ದು ಎಂಬ ಹಳೆಯ ಪ್ರಶ್ನೆ ಈಗ ಹೊಸ ವೇಷದಲ್ಲಿ ನಮ್ಮ ಮುಂದೆ ಬಂದು ನಿಂತಿದೆ.

ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರನ್ನು ವಾಚಕರಲ್ಲಿ ಹಲವರು ಬಲ್ಲರು. ಅದನ್ನು ಆಟವೆಂದರೆ ಆಡುವವರು ಒಪ್ಪುವುದಿಲ್ಲ. ಪರದೆಯ ಮೇಲೆ ಕಾಕ್‌ಪಿಟ್, ಅದರ ತುಂಬ ನಿಜವಾದ ವಿಮಾನದಲ್ಲಿರುವಂತೆಯೇ ಮೀಟರುಗಳು, ಹೊರಗೆ ರನ್‌ವೇ, ಮೋಡ, ಮಳೆ. ಈ ವಿದ್ಯೆಯನ್ನು ಆನ್‌ಲೈನಿನಲ್ಲಿ ಹೇಳಿಕೊಡುವ ಮೇಷ್ಟರುಗಳೂ ಹುಟ್ಟಿಕೊಂಡಿದ್ದಾರೆ. ಶಿಷ್ಯ ಒಂದೂರಿನಲ್ಲಿ, ಗುರು ಇನ್ನೊಂದೂರಿನಲ್ಲಿ. ಶಿಷ್ಯನ ಪರದೆ ಗುರುವಿಗೆ ಕಾಣುತ್ತದೆ, ಗುರುವಿನ ಮಾತು ಶಿಷ್ಯನಿಗೆ ಕೇಳುತ್ತದೆ. ಈ ಗುರುಗಳಲ್ಲಿ ನಿಜವಾದ ಪೈಲಟ್‌ಗಳೂ ಇದ್ದಾರೆ. ಆದರೆ ವಿಮಾನದಲ್ಲಿ ಪ್ರಯಾಣಿಕರಾಗಿಯಲ್ಲದೆ ಬೇರೆ ರೀತಿಯಲ್ಲಿ ಕುಳಿತೇ ಇಲ್ಲದವರೂ ಇದ್ದಾರೆ. ಇವರಿಗೆ ಗುರುವಿನ ಪೀಠದಲ್ಲಿ ಕೂರುವ ಹಕ್ಕುಂಟೇ?

ಇಲ್ಲವೆಂದು ಒಂದೇ ಮಾತಿನಲ್ಲಿ ತೀರಿಸಿಬಿಡುವುದು ಸುಲಭ. ಹಾಗೆ ತೀರಿಸುವ ಮುನ್ನ ಸಿಮ್ಯುಲೇಟರಿನ ಕಥೆಯನ್ನು ಸ್ವಲ್ಪ ಕೇಳಬೇಕು. ಅಮೆರಿಕದ ಬಿಂಗ್‌ಹ್ಯಾಮ್ಟನ್ ಎಂಬ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬಾತನಿದ್ದ. ಅವನ ತಂದೆಯದು ಪಿಯಾನೋ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆ. ಆರ್ಗನ್ನಿನಲ್ಲಿ ಗಾಳಿಯೂದುವ ತಿದಿಗಳನ್ನೇ ಬಳಸಿಕೊಂಡು, ನೆಲದ ಮೇಲೆಯೇ ಓಲಾಡುವ, ತಿರುಗುವ ಒಂದು ಪುಟ್ಟ ವಿಮಾನವನ್ನು ಅವನು 1929ರಲ್ಲಿ ಮಾಡಿದ. ಮೊದಮೊದಲು ಅದನ್ನು ಕೊಂಡವರಲ್ಲಿ ಹೆಚ್ಚಿನವರು ಜಾತ್ರೆಯಂಥ ವಿನೋದದ ಸ್ಥಳಗಳವರು. 1934ರಲ್ಲಿ ಅಮೆರಿಕದ ಸೇನೆಯ ವಿಮಾನಗಳು ಟಪಾಲು ಸಾಗಿಸುವ ಹೊಣೆ ಹೊತ್ತವು. ಚಳಿಗಾಲದ ಕೆಟ್ಟ ಹವೆಯಲ್ಲಿ, ಮೀಟರುಗಳನ್ನು ನಂಬಿ ಹಾರುವ ಅಭ್ಯಾಸವಿಲ್ಲದ ತರುಣರು ಕೆಲವೇ ವಾರಗಳಲ್ಲಿ ಒಬ್ಬರ ಹಿಂದೊಬ್ಬರು ಸತ್ತರು. ಆಗ ಸೇನೆಗೆ ಲಿಂಕನ ಆಟಿಕೆ ನೆನಪಾಯಿತು. ಆರು ಯಂತ್ರಗಳನ್ನು ಕೊಂಡರು. ಎರಡನೆಯ ಮಹಾಯುದ್ಧದ ವೇಳೆಗೆ ಲಕ್ಷಾಂತರ ವೈಮಾನಿಕರು ಆ ನೀಲಿ ಪೆಟ್ಟಿಗೆಯೊಳಗೆ ಕುಳಿತು, ಮುಚ್ಚಳ ಹಾಕಿಕೊಂಡು ಕುರುಡು ಹಾರಾಟವನ್ನು ಕಲಿತಿದ್ದರು. ನೆಲದ ಮೇಲಿನ ಪಾಠ ಆಕಾಶದಲ್ಲಿ ಜೀವ ಉಳಿಸಬಲ್ಲದು ಎಂಬುದರಲ್ಲಿ ಆಮೇಲೆ ಸಂಶಯ ಉಳಿಯಲಿಲ್ಲ.

1982ರಲ್ಲಿ ಬ್ರೂಸ್ ಆರ್ಟ್‌ವಿಕ್ ರೂಪಿಸಿದ ಸಿಮ್ಯುಲೇಟರನ್ನು ಮೈಕ್ರೋಸಾಫ್ಟ್ ಮಾರಾಟಕ್ಕೆ ತಂದಮೇಲೆ, ಸೇನೆಯ ಪೆಟ್ಟಿಗೆಯೊಳಗಿದ್ದ ವಿದ್ಯೆ ನಡುಮನೆಯ ಮೇಜಿನ ಮೇಲೆ ಬಂದು ಕುಳಿತಿತು. ಅಲ್ಲಿಂದಲೇ ನಮ್ಮ ತೊಡಕು ಮೊದಲಾಗುವುದು.

ಏಕಲವ್ಯನಿಗೆ ಗುರು ಮಣ್ಣಿನವನು. ಕೈಯಲ್ಲಿದ್ದ ಬಿಲ್ಲು ಮಾತ್ರ ನಿಜವಾದದ್ದು. ಬಾಣ ತಪ್ಪಿದರೆ ತಪ್ಪಿತೆಂದು ಬಿಲ್ಲೇ ಹೇಳುತ್ತಿತ್ತು. ಇಲ್ಲಿ ಗುರು ನಿಜ, ಬಿಲ್ಲೇ ಮಣ್ಣಿನದು. ವಿಮಾನ ನೆಲಕ್ಕಪ್ಪಳಿಸಿದರೂ ಒಂದು ಗುಂಡಿಯನ್ನೊತ್ತಿದರಾಯಿತು, ಮತ್ತೆ ರನ್‌ವೇಯ ತುದಿಯಲ್ಲಿ ಹೊಸದಾಗಿ ನಿಂತಿರುತ್ತದೆ. ಆದುದರಿಂದ ತಪ್ಪನ್ನು ತಪ್ಪೆಂದು ಹೇಳುವ ಭಾರವೆಲ್ಲ ಗುರುವಿನ ಮೇಲೆಯೇ ಬೀಳುತ್ತದೆ.

ಮನೆಯ ಸಿಮ್ಯುಲೇಟರಿನಲ್ಲಿ ಕಲಿಯಬಹುದಾದದ್ದು ಬೇಕಾದಷ್ಟಿದೆ. ಯಾವ ಕೆಲಸದ ಹಿಂದೆ ಯಾವ ಕೆಲಸವೆಂಬ ಕ್ರಮ, ಚೆಕ್‌ಲಿಸ್ಟನ್ನು ಓದಿ ಮುಂದುವರಿಯುವ ತಾಳ್ಮೆ, ನಕ್ಷೆ ನೋಡುವುದು, ರೇಡಿಯೋದಲ್ಲಿ ಅಳೆದು ಮಾತನಾಡುವುದು, ಇವೆಲ್ಲ ಕುರ್ಚಿಯ ಮೇಲೆ ಕುಳಿತೇ ಬರುತ್ತವೆ. ಬಾರದಿರುವುದೂ ಇದೆ. ಮೋಡದೊಳಗೆ ವಿಮಾನ ಒಂದೇ ಸಮನೆ ಮೆಲ್ಲಗೆ ತಿರುಗುತ್ತಿದ್ದರೆ, ಸುಮಾರು 20 ಸೆಕೆಂಡುಗಳಲ್ಲಿ ಒಳಗಿವಿಯ ದ್ರವ ಆ ತಿರುಗುವಿಕೆಗೆ ಹೊಂದಿಕೊಂಡುಬಿಡುತ್ತದೆ. ನೇರವಾಗಿ ಹೋಗುತ್ತಿದ್ದೇನೆಂದೇ ಪೈಲಟನಿಗೆ ಅನ್ನಿಸುತ್ತದೆ. ವಿಮಾನವನ್ನು ನೇರಮಾಡಿದಾಗ ಎದುರು ದಿಕ್ಕಿಗೆ ತಿರುಗಿದಂತೆ ಭಾಸವಾಗುತ್ತದೆ. ತನ್ನ ಮೈಯನ್ನು ನಂಬದೆ ಮೀಟರಿನ ಮುಳ್ಳನ್ನು ನಂಬುವ ಕಷ್ಟ ಅದು. ಮನೆಯ ಕುರ್ಚಿ ಅಲುಗಾಡುವುದಿಲ್ಲ. ಅಲ್ಲಿ ಮೈ ಸುಳ್ಳು ಹೇಳುವುದಿಲ್ಲ. ಹಾಗಾಗಿ ಮುಳ್ಳನ್ನು ನಂಬುವುದು ಅಲ್ಲಿ ಯಾರಿಗೂ ಕಷ್ಟವಲ್ಲ. ಮೀಟರುಗಳ ಮೇಲೆಯೇ ಕಣ್ಣು ನೆಟ್ಟು ಹೊರಗೆ ನೋಡುವುದನ್ನೇ ಮರೆಯುವ ಚಾಳಿಯೂ ಇಲ್ಲಿಂದ ಅಂಟಿಕೊಳ್ಳಬಹುದು. ಅಂಥವರು ನಿಜವಾದ ವಿಮಾನಕ್ಕೆ ಬಂದಾಗ, ಶಿಕ್ಷಕರು ಮೀಟರುಗಳಿಗೆ ಕಾಗದ ಮುಚ್ಚಿ ಅದನ್ನು ಬಿಡಿಸಬೇಕಾಗುತ್ತದೆ.

ಕಾನೂನು ಈ ಮಿತಿಯನ್ನು ಚೆನ್ನಾಗಿ ಬಲ್ಲದು. ಅಮೆರಿಕದಲ್ಲಿ ಮೀಟರುಗಳ ಆಧಾರದಿಂದ ಹಾರುವ ಅರ್ಹತೆಗೆ 40 ಗಂಟೆಗಳ ಅಭ್ಯಾಸ ಬೇಕು. ಅಂಗೀಕೃತವಾದ ಒಂದು ಬಗೆಯ ಮೇಲ್ದರ್ಜೆಯ ತರಬೇತಿ ಯಂತ್ರದಲ್ಲಿ, ಅಧಿಕಾರಪಡೆದ ಶಿಕ್ಷಕನ ಕೈಕೆಳಗೆ ಕಳೆದ ಸಮಯವನ್ನು ಅದರಲ್ಲಿ 20 ಗಂಟೆಗಳವರೆಗೆ ಒಪ್ಪುತ್ತಾರೆ. ಮೇಜಿನ ಮೇಲಿನ ಸಾಮಾನ್ಯ ಕಂಪ್ಯೂಟರಿನಲ್ಲಿ ಸಾವಿರ ಗಂಟೆ ಕಳೆದರೂ ಲೆಕ್ಕಕ್ಕೆ ಸೊನ್ನೆ.

ಆದರೆ ಕಾನೂನು ಅಳೆಯುವುದು ಗಂಟೆಗಳನ್ನು. ಶಿಷ್ಯನ ಆಸೆಯನ್ನು ಅಳೆಯಬೇಕಾದವನು ಗುರು. ನಮ್ಮ ಮಧ್ಯಮವರ್ಗದ ಮನೆಯೊಂದರ ಹುಡುಗ ಈ ಪಾಠಕ್ಕೆ ಸೇರಿದನೆನ್ನಿ. ಪರದೆಯ ಮೇಲೆ ಹತ್ತು ಸಲ ನಯವಾಗಿ ಇಳಿಸಿದ. “ಭೇಷ್! ನೀನು ಪೈಲಟ್ ಆಗಲೆಂದೇ ಹುಟ್ಟಿದವನು” ಎಂದು ಮೇಷ್ಟರು ಹೊಗಳಿದರು. ಈ ಮಾತು ಮನೆಯೊಳಗೆ ಹೋದರೆ ಸುಮ್ಮನೆ ಕೂರುವುದಿಲ್ಲ. ಪೈಲಟ್ ತರಬೇತಿಯ ವೆಚ್ಚ ಹತ್ತಾರು ಲಕ್ಷ ರೂಪಾಯಿ. ಆ ಹೊಗಳಿಕೆಯ ಬಲದ ಮೇಲೆ ತಂದೆ ಮನೆಯ ಪತ್ರ ಹಿಡಿದು ಬ್ಯಾಂಕಿಗೆ ಹೊರಡಬಹುದು. ದ್ರೋಣರು ಕಲಿಸದೆಯೇ ಹೆಬ್ಬೆರಳನ್ನು ದಕ್ಷಿಣೆಯಾಗಿ ಪಡೆದರೆಂದು ಇಂದಿಗೂ ನಮ್ಮ ಮನಸ್ಸು ನೋಯುತ್ತದೆ. ತನ್ನಲ್ಲಿ ಇಲ್ಲದುದನ್ನು ಕಲಿಸಿದೆನೆಂದು ಹೇಳಿ ಶುಲ್ಕ ಪಡೆಯುವವನ ತಪ್ಪು ಅದಕ್ಕಿಂತ ಕಿರಿದೇನಲ್ಲ.

ಹಾಗಾದರೆ ಹಾರದ ಗುರು ಬಾಯಿ ಮುಚ್ಚಿಕೊಂಡು ಇರಬೇಕೇ? ಹಾಗೆ ನನಗೆ ತೋರುವುದಿಲ್ಲ. 2001ರಲ್ಲಿ ಆರಂಭವಾದ ವ್ಯಾಟ್‌ಸಿಮ್ ಎಂಬ ಜಾಲವೊಂದಿದೆ. ಅದರಲ್ಲಿ ದೇಶದೇಶಗಳ ಹವ್ಯಾಸಿಗಳು ತಮ್ಮ ಪರದೆಯ ವಿಮಾನಗಳನ್ನು ಒಂದೇ ಆಕಾಶದಲ್ಲಿ ಹಾರಿಸುತ್ತಾರೆ. ಬೇರೆ ಹವ್ಯಾಸಿಗಳು ಕಂಟ್ರೋಲರುಗಳಾಗಿ ಕುಳಿತು ದಾರಿ ಹೇಳುತ್ತಾರೆ. ಹೊಸಬರಿಗೆ ಹಳಬರು ಸಂಬಳವಿಲ್ಲದೆ ಪಾಠ ಹೇಳುತ್ತಾರೆ. ಅಲ್ಲಿ ಸರದಿ ಮುರಿದು ರನ್‌ವೇಗೆ ನುಗ್ಗಿದರೆ ಯಾರೂ ಸಾಯುವುದಿಲ್ಲ, ನಿಜ. ಆದರೆ ದಿನದ ಕೆಲಸ ಮುಗಿಸಿ ಬಂದು ಎರಡು ಗಂಟೆ ಶ್ರದ್ಧೆಯಿಂದ ಹಾರಿ ಇಳಿಯಲು ಕಾದಿರುವ ಇನ್ನೊಬ್ಬನ ಸಂಜೆ ಹಾಳಾಗುತ್ತದೆ. ವಿಮಾನ ಕಲ್ಪನೆಯದಾದರೂ ಕಾದಿರುವ ಮನುಷ್ಯ ಕಲ್ಪನೆಯವನಲ್ಲ. ಅವನಿಗೆ ಸಲ್ಲಬೇಕಾದ ಮರ್ಯಾದೆಯೂ ಕಲ್ಪನೆಯದಲ್ಲ. ಇದನ್ನು ಕಲಿಸುವುದಕ್ಕೆ ಪೈಲಟನ ಪರವಾನಗಿ ಬೇಕಿಲ್ಲ.

ಗುರುಶಿಷ್ಯರ ಸಂಬಂಧದ ಮಾತೂ ಇದೇ. ಬಿಲ್ಲು ಮಣ್ಣಿನದಾದರೂ ಶಿಷ್ಯನ ನಂಬಿಕೆ ಮಣ್ಣಿನದಲ್ಲ. ಅವನು ಕೊಟ್ಟ ಕಾಲವೂ ಹಣವೂ ನಿಜವಾದವು. ಆದುದರಿಂದ ಈ ವೃತ್ತಿಗೆ ಇಳಿಯುವವನು ಮೊದಲ ದಿನವೇ ಹೇಳಬೇಕಾದ ಮಾತು ಒಂದಿದೆ: “ನಾನು ಹಾರಿದವನಲ್ಲ. ಇಷ್ಟರವರೆಗೆ ನನ್ನಿಂದ ಕಲಿಯಬಹುದು. ಇಲ್ಲಿಂದಾಚೆಗೆ ಬೇರೊಬ್ಬರ ಬಳಿಗೆ ಹೋಗು.” ಪಾಠ ಸಾಗಿದಂತೆಲ್ಲ, ಆ ಎಲ್ಲೆ ಎದುರಾದಲ್ಲೆಲ್ಲ, ಅದನ್ನೇ ಮತ್ತೆ ಹೇಳಬೇಕು.

ನೋಡಿದರೆ, ಇದು ವಿಮಾನದ ಮೇಷ್ಟರಿಗೆ ಮಾತ್ರ ಅನ್ವಯಿಸುವ ಮಾತಲ್ಲ. ತಾನು ಕಾಣದ ಯುದ್ಧವನ್ನು ಚರಿತ್ರೆಯ ಅಧ್ಯಾಪಕ ಬೋಧಿಸುತ್ತಾನೆ. ತಾವು ನಡೆಯದ ದಾರಿಯನ್ನು ತಂದೆತಾಯಿಗಳು ಮಕ್ಕಳಿಗೆ ತೋರಿಸುತ್ತಾರೆ. ಅನುಭವವಿಲ್ಲದೆ ಕಲಿಸಬಾರದೆಂದು ಕಟ್ಟುಮಾಡಿದರೆ ಲೋಕದ ಪಾಠಶಾಲೆಗಳಲ್ಲಿ ಅರ್ಧಕ್ಕರ್ಧ ಮುಚ್ಚಬೇಕಾದೀತು. ದಡದಲ್ಲಿ ನಿಂತು ಕೈಕಾಲು ಬಡಿಯುವ ರೀತಿಯನ್ನು ಹೇಳಿಕೊಡುವುದು ತಪ್ಪಲ್ಲ. ತಾನು ನಿಂತಿರುವುದು ದಡದಲ್ಲಿ ಎಂಬುದನ್ನು ಶಿಷ್ಯನಿಂದ ಮರೆಮಾಚುವುದು ತಪ್ಪು.